ಗಾಯದ ಅಂಚು ಓದಬಲ್ಲ ಚರ್ಮವೈದ್ಯರು ಹಾಸನಕ್ಕೂ ಬೇಕು

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಹಾಸನದ ನನ್ನ ಪೆಥಾಲಜಿ ಪ್ರಯೋಗಾಲಯಕ್ಕೆ ಬಯಾಪ್ಸಿ ಬಾಟಲಿಗಳು ಹೆಚ್ಚಾಗಿ ಬಸ್ಸಿನಲ್ಲೇ ಬರುತ್ತವೆ. ರೋಗಿಯ ಮಗನೋ ಅಳಿಯನೋ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು ಕೌಂಟರಿನ ಮೇಲಿಟ್ಟು, ‘ರಿಪೋರ್ಟು ಯಾವಾಗ ಕೊಡ್ತೀರಾ ಮೇಡಂ’ ಎನ್ನುತ್ತಾರೆ. ಗರ್ಭಕೋಶ, ಪಿತ್ತಕೋಶ, ಥೈರಾಯ್ಡ್, ಸ್ತನದ ಗಂಟು ಇವೇ ಜಾಸ್ತಿ. ಚರ್ಮದ ತುಣುಕು ಅಪರೂಪ. ಬಂದರೂ ಮೂರು ನಾಲ್ಕು ಚೂರಾಗಿ ಬರುತ್ತದೆ. ಯಾವ ಚೂರು ಮೂಗಿನ ಕಡೆಯದು, ಯಾವುದು ಕೆನ್ನೆಯ ಕಡೆಯದು ಎಂದು ಗುರುತಿಗೆ ಹಾಕಬೇಕಾದ ಒಂದು ಹೊಲಿಗೆಯೂ ಇರುವುದಿಲ್ಲ. ಜೊತೆಗಿನ ಚೀಟಿಯಲ್ಲಿ ‘ಮಚ್ಚೆ’ ಅಂತಲೋ ‘ನರಹುಲಿ’ ಅಂತಲೋ ಒಂದೇ ಪದ. ಕೆಲವು ಸಲ ಫಾರ್ಮಲಿನ್ ಬದಲು ಸಲೈನಿನಲ್ಲಿ ಮುಳುಗಿಸಿ ಕಳಿಸಿರುತ್ತಾರೆ. ಅದು ನನ್ನ ಮೇಜು ತಲುಪುವಷ್ಟರಲ್ಲಿ ಅಂಗಾಂಶ ಕೆಡಲು ಶುರುವಾಗಿರುತ್ತದೆ.

ಇಂಥ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ‘ಬೇಸಲ್ ಸೆಲ್ ಕಾರ್ಸಿನೋಮ’, ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್, ಎಂದು ನಾನು ಬರೆಯಬಲ್ಲೆ. ಆದರೆ ರೋಗಿಯ ಮನೆಯವರು ಕೇಳುವ ಎರಡನೇ ಪ್ರಶ್ನೆ ಬೇರೆ: ‘ಎಲ್ಲಾ ತೆಗ್ದಿದಾರಾ, ಇನ್ನೂ ಒಳಗೆ ಉಳ್ಕೊಂಡಿದೆಯಾ?’ ಚೂರಾಗಿ ಬಂದ, ದಿಕ್ಕು ದೆಸೆ ಗೊತ್ತಿಲ್ಲದ ತುಣುಕನ್ನು ಮುಂದಿಟ್ಟುಕೊಂಡು ಅದಕ್ಕೆ ಉತ್ತರ ಬರೆಯಲು ನನ್ನಿಂದ ಸಾಧ್ಯವಿಲ್ಲ. ಯಾವ ಪೆಥಾಲಜಿಸ್ಟಿಂದಲೂ ಸಾಧ್ಯವಿಲ್ಲ. ಆ ಉತ್ತರ ಸಿಗಬೇಕಾದರೆ ಕತ್ತರಿಸುವ ಕೈಗೇ ಸೂಕ್ಷ್ಮದರ್ಶಕದ ಭಾಷೆ ಗೊತ್ತಿರಬೇಕು. ಅದನ್ನು ಕಲಿಸುವ ತರಬೇತಿಯೊಂದು ಜಗತ್ತಿನಲ್ಲಿದೆ. ಚರ್ಮರೋಗ ತಜ್ಞರಾದ ಮೇಲೆ ಇನ್ನೊಂದು ವರ್ಷ, ಚರ್ಮದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆಂದೇ ಮಾಡುವ ಫೆಲೋಶಿಪ್ ಅದು. ಅದನ್ನು ಮುಗಿಸಿದ ಒಬ್ಬರಾದರೂ ಹಾಸನದ ಸರ್ಕಾರಿ ವ್ಯವಸ್ಥೆಯಲ್ಲಿ ಇರಬೇಕು ಎಂದು ವಾದಿಸಲು ಈ ಲೇಖನ ಬರೆಯುತ್ತಿದ್ದೇನೆ.

ವೈದ್ಯ ಮಿತ್ರರ ಜೊತೆ ಈ ಮಾತು ತೆಗೆದಾಗಲೆಲ್ಲ ಬರುವ ಮೊದಲ ಆಕ್ಷೇಪ, ‘ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಎಲ್ಲಿದೆ?’ ಎಂಬುದು. ಅವರು ಹೇಳುವುದು ತಪ್ಪಲ್ಲ. ಕಂದು ಚರ್ಮದ ಮೆಲನಿನ್ ನಮ್ಮನ್ನು ಬಿಸಿಲಿನಿಂದ ಬಹುಮಟ್ಟಿಗೆ ಕಾಯುತ್ತದೆ. ಆಸ್ಟ್ರೇಲಿಯಾದಲ್ಲೋ ಅಮೆರಿಕದಲ್ಲೋ ಇದು ಎಲ್ಲಕ್ಕಿಂತ ಸಾಮಾನ್ಯ ಕ್ಯಾನ್ಸರ್. ನಮ್ಮ ದೇಶದ ಒಟ್ಟು ಕ್ಯಾನ್ಸರ್‌ಗಳಲ್ಲಿ ಇದರದು ತೀರಾ ಸಣ್ಣ ಪಾಲು. ಬಾಯಿ, ಗರ್ಭಕಂಠ, ಸ್ತನದ ಕ್ಯಾನ್ಸರ್‌ಗಳ ಮುಂದೆ ಇದು ಎದ್ದು ಕಾಣುವುದೇ ಇಲ್ಲ. ಸರ್ಕಾರದ ತಪಾಸಣಾ ಕಾರ್ಯಕ್ರಮಗಳೂ ಆ ಮೂರನ್ನೇ ಹುಡುಕುತ್ತವೆ, ಹುಡುಕಬೇಕಾದ್ದೂ ಅವನ್ನೇ.

ಆದರೆ ಅಪರೂಪ ಎನ್ನುವುದೇ ತರಬೇತಿ ಬೇಕು ಎನ್ನಲು ಕಾರಣ. ಹೆರಿಗೆ, ಹರ್ನಿಯಾ, ಅಪೆಂಡಿಕ್ಸ್‌ಗಳಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಯ ವೈದ್ಯರು ಮಾಡುತ್ತಾ ಮಾಡುತ್ತಾ ಪಳಗುತ್ತಾರೆ. ವರ್ಷಕ್ಕೆ ಬೆರಳೆಣಿಕೆಯಷ್ಟು ಕಾಣುವ ಕಾಯಿಲೆಯಲ್ಲಿ ಹಾಗೆ ಪಳಗಲು ದಾರಿಯಿಲ್ಲ. ಎಲ್ಲೆಡೆಯಿಂದ ರೋಗಿಗಳು ಬಂದು ಸೇರುವ ಒಂದು ಕಡೆ ಕೂತು, ನೂರಾರು ಗಡ್ಡೆಗಳನ್ನು ಕೈಯಾರೆ ತೆಗೆದು, ಕಣ್ಣಾರೆ ಓದಿ ಬಂದವರಿಗೆ ಮಾತ್ರ ಅದು ಒಲಿಯುತ್ತದೆ. ಮೂರು ವರ್ಷದ ಎಂ.ಡಿ.ಯಲ್ಲಿ ನಮ್ಮ ಚರ್ಮರೋಗ ವಿದ್ಯಾರ್ಥಿಗಳು ಚರ್ಮ, ಲೈಂಗಿಕ ರೋಗ, ಕುಷ್ಠ ಮೂರನ್ನೂ ಕಲಿಯಬೇಕು. ಹೊರರೋಗಿ ವಿಭಾಗವನ್ನು ಹುಳುಕಡ್ಡಿ ಮತ್ತು ಸ್ಟೆರಾಯ್ಡ್ ಮುಲಾಮಿನಿಂದ ಹಾಳಾದ ಮುಖಗಳೇ ತುಂಬಿರುತ್ತವೆ. ಅದರ ನಡುವೆ ಒಂದು ಕ್ಯಾನ್ಸರ್ ಗಡ್ಡೆಯನ್ನು ಮೊದಲಿಂದ ಕೊನೆವರೆಗೆ ತಾನೇ ನಿಭಾಯಿಸುವ ಅವಕಾಶ ಎಷ್ಟು ವಿದ್ಯಾರ್ಥಿಗೆ ಸಿಕ್ಕೀತು?

ಹೊಳೆನರಸೀಪುರ ತಾಲ್ಲೂಕಿನ ಒಬ್ಬ ಹೆಂಗಸಿನ ಸ್ಲೈಡುಗಳನ್ನು ನಾನು ಮರೆತಿಲ್ಲ. ಮೂಗಿನ ಹೊಳ್ಳೆಯ ಪಕ್ಕದ ಸಂದಿಯಲ್ಲಿ ಹೆಸರುಕಾಳಿನಷ್ಟು ಕಪ್ಪು ಚುಕ್ಕೆ. ನಮ್ಮವರ ಚರ್ಮದಲ್ಲಿ ಬೇಸಲ್ ಸೆಲ್ ಕಾರ್ಸಿನೋಮ ಬಹಳ ಸಲ ಕಪ್ಪಾಗಿಯೇ ಇರುತ್ತದೆ, ಹಾಗಾಗಿ ಮಚ್ಚೆ ಎಂದೇ ಎಲ್ಲರೂ ತಿಳಿಯುತ್ತಾರೆ. ಊರಲ್ಲಿ ಯಾರೋ ಸುಣ್ಣ, ಸೋಡಾ ಕಲೆಸಿ ಹಚ್ಚಿದರು. ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ ಅದನ್ನು ಸುಟ್ಟರು. ಮತ್ತೆ ಬಂತು, ಮತ್ತೆ ಸುಟ್ಟರು. ಸುಟ್ಟಿದ್ದರಲ್ಲಿ ಪರೀಕ್ಷೆಗೆ ಕಳಿಸಲು ಏನೂ ಉಳಿಯುವುದಿಲ್ಲ; ನನ್ನವರೆಗೆ ಆ ಗಡ್ಡೆ ಬರಲೇ ಇಲ್ಲ. ಹೊರಗಿನಿಂದ ಗಾಯ ಮಾಯ್ದ ಹಾಗೆ ಕಾಣುತ್ತಾ, ಕಲೆಯ ಅಡಿಯಲ್ಲಿ ಅದು ಬೇರು ಬಿಡುತ್ತಾ ಹೋಯಿತು. ಕೊನೆಗೆ ಇನ್ನೊಂದು ಕಡೆ ಕತ್ತರಿಸಿ ಕಳಿಸಿದಾಗ ನಾನು ನೋಡಿದ್ದು, ದಾರದೆಳೆಗಳಂತೆ ಕೊಬ್ಬಿನೊಳಕ್ಕೂ ಸ್ನಾಯುವಿನೊಳಕ್ಕೂ ಇಳಿದ ಕ್ಯಾನ್ಸರ್ ಕೋಶಗಳನ್ನು. ತುಣುಕಿನ ಅಂಚಿನವರೆಗೂ ಅವು ಇದ್ದವು. ಬೆಂಗಳೂರಿಗೆ ಹೋಗಿ ಎರಡು ಆಪರೇಷನ್ ಆದ ಮೇಲೆ ಆಕೆ ಬದುಕಿದ್ದಾರೆ, ಗಟ್ಟಿಯಾಗಿದ್ದಾರೆ. ಹೊಳ್ಳೆಯಿಲ್ಲ. ಮಗಳ ಮದುವೆಯ ಫೋಟೋದಲ್ಲಿ ಸೆರಗು ಮುಖಕ್ಕೆ ಹಿಡಿದು ನಿಂತಿದ್ದನ್ನು ಅವರ ಮಗನೇ ನನಗೆ ಮೊಬೈಲಿನಲ್ಲಿ ತೋರಿಸಿದ. ಈ ಕ್ಯಾನ್ಸರ್‌ನಿಂದ ಜೀವ ಹೋಗುವುದು ತೀರಾ ವಿರಳ. ಅದಕ್ಕೇ ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಕಣ್ಣಿನ ಮೂಲೆ, ಮೂಗು, ತುಟಿ, ಕಿವಿ ಹೋದರೆ ಮನುಷ್ಯನಿಗೆ ಏನು ಉಳಿಯುತ್ತದೆ ಎಂದು ಅಂಥವರ ಮನೆಯಲ್ಲಿ ಕೇಳಬೇಕು.

ಇಲ್ಲಿ ಅಂಚಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಡೀ ತರಬೇತಿಯ ಗುಟ್ಟು ಅದರಲ್ಲಿದೆ. ಶಸ್ತ್ರವೈದ್ಯರು ಗಡ್ಡೆಯ ಸುತ್ತ ಕೆಲವು ಮಿಲಿಮೀಟರು ಆರೋಗ್ಯವಂತ ಚರ್ಮವನ್ನೂ ಸೇರಿಸಿ ತೆಗೆಯುತ್ತಾರೆ. ಅದನ್ನು ನಾವು ಪ್ರಯೋಗಾಲಯದಲ್ಲಿ ಅಡ್ಡಡ್ಡವಾಗಿ ಸೀಳಿ ಕೆಲವು ಸೀಳುಗಳನ್ನು ನೋಡುತ್ತೇವೆ. ನಮ್ಮ ಹಾಸನದ ಆಲೂಗಡ್ಡೆಯನ್ನೇ ತೆಗೆದುಕೊಳ್ಳಿ. ಒಳಗಿನ ಹುಳ ಸಿಪ್ಪೆ ಕೊರೆದು ಹೊರಗೆ ಬಂದಿದೆಯೇ ಎಂದು ತಿಳಿಯಲು ಅದನ್ನು ನಾಲ್ಕು ಬಿಲ್ಲೆಯಾಗಿ ಹೆಚ್ಚಿದರೆ, ಚಾಕು ಹಾಯ್ದ ಗೆರೆಗಳಲ್ಲಿ ಮಾತ್ರ ಸಿಪ್ಪೆಯನ್ನು ನೋಡಿದಂತಾಯಿತು. ಎರಡು ಬಿಲ್ಲೆಗಳ ನಡುವೆ ತೂತಿದ್ದರೆ ತಪ್ಪಿಹೋಯಿತು. ಸಿಪ್ಪೆಯನ್ನೇ ಪೂರ್ತಿ ಸುಲಿದು ಚಪ್ಪಟೆಯಾಗಿ ಹಾಸಿದರೆ ಒಂದು ತೂತೂ ತಪ್ಪುವುದಿಲ್ಲ. ಮಾಮೂಲಿ ಪದ್ಧತಿಯಲ್ಲಿ ನಾನು ನಿಜವಾಗಿ ನೋಡುವುದು ಒಟ್ಟು ಅಂಚಿನ ನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ನನ್ನ ರಿಪೋರ್ಟಿನ ‘ಅಂಚುಗಳು ಮುಕ್ತ’ ಎಂಬ ಸಾಲಿಗೆ ಈ ಮಿತಿಯಿದೆ ಎಂದು ರೋಗಿಗಳಿಗೆ ಯಾರೂ ಹೇಳಿರುವುದಿಲ್ಲ.

ಸಿಪ್ಪೆ ಸುಲಿದು ನೋಡುವ ದಾರಿಯನ್ನು ಹುಡುಕಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಮೋಹ್ಸ್. ವಿದ್ಯಾರ್ಥಿಯಾಗಿದ್ದಾಗ ಇಲಿಗಳ ಗಡ್ಡೆಯ ಮೇಲೆ ಪ್ರಯೋಗ ಮಾಡುತ್ತಾ, ಜಿಂಕ್ ಕ್ಲೋರೈಡ್ ತಾಗಿದ ಅಂಗಾಂಶ ಸತ್ತರೂ ಅದರ ಕೋಶರಚನೆ ಹಾಗೇ ಉಳಿಯುವುದನ್ನು ಅವರು ಗಮನಿಸಿದರು. 1936ರಲ್ಲಿ ಮನುಷ್ಯರ ಮೇಲೆ ಶುರು ಮಾಡಿದರು, 1941ರಲ್ಲಿ ಪ್ರಕಟಿಸಿದರು. ಗಡ್ಡೆಗೆ ಆ ಲೇಪ ಹಚ್ಚಿ, ಮರುದಿನ ಒಂದು ಪದರ ತೆಗೆದು, ಅದರ ತಳವನ್ನೂ ಸುತ್ತಲ ಅಂಚನ್ನೂ ಪೂರ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿ, ನಕ್ಷೆ ಬರೆದು, ಎಲ್ಲಿ ಕ್ಯಾನ್ಸರ್ ಉಳಿದಿದೆಯೋ ಅಲ್ಲಿಂದ ಮಾತ್ರ ಇನ್ನೊಂದು ಪದರ. ರೋಗಿಗೆ ಆ ಲೇಪದ ಉರಿ ವಿಪರೀತವಾಗಿತ್ತು. 1953ರಲ್ಲಿ ರೆಪ್ಪೆಯ ಗಡ್ಡೆಯ ಶಸ್ತ್ರಚಿಕಿತ್ಸೆಯ ಚಿತ್ರೀಕರಣ ನಡೆಯುತ್ತಿದ್ದಾಗ ಸಮಯ ಉಳಿಸಲು ಲೇಪವಿಲ್ಲದೆ, ಹೆಪ್ಪುಗಟ್ಟಿಸಿದ ತಾಜಾ ಅಂಗಾಂಶದ ಮೇಲೆ ಅದೇ ಕೆಲಸ ಮಾಡಿದರು. ಈಗ ಜಗತ್ತಿನಲ್ಲಿ ನಡೆಯುವುದು ಹೆಚ್ಚಾಗಿ ಆ ರೂಪವೇ. ಅಮೆರಿಕದಲ್ಲಿ ಇದಕ್ಕಾಗಿ ಒಂದು ವರ್ಷದ ಮಾನ್ಯತೆ ಪಡೆದ ಫೆಲೋಶಿಪ್‌ಗಳಿವೆ. 2021ರಿಂದ ಅಲ್ಲಿನ ಚರ್ಮರೋಗ ಮಂಡಳಿ ಇದನ್ನು ಪ್ರತ್ಯೇಕ ಉಪವಿಭಾಗವಾಗಿ ಪರೀಕ್ಷಿಸಿ ಪ್ರಮಾಣಪತ್ರವನ್ನೂ ಕೊಡುತ್ತಿದೆ.

ಇದರಿಂದ ಎಷ್ಟು ಲಾಭ? ನೆದರ್ಲೆಂಡ್ಸ್‌ನಲ್ಲಿ ಮುಖದ ಬೇಸಲ್ ಸೆಲ್ ಕಾರ್ಸಿನೋಮ ಇದ್ದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಮೋಹ್ಸ್ ವಿಧಾನ ಮಾಡಿ 10 ವರ್ಷ ಹಿಂಬಾಲಿಸಿ ನೋಡಿದರು, 2014ರಲ್ಲಿ ಫಲಿತಾಂಶ ಬಂತು. ಮೊದಲ ಸಲ ಬಂದ ಗಡ್ಡೆಗಳಲ್ಲಿ ಎರಡು ವಿಧಾನಗಳ ವ್ಯತ್ಯಾಸ ಖಚಿತವಾಗಿ ಹೇಳುವಷ್ಟು ದೊಡ್ಡದಿರಲಿಲ್ಲ. ಆದರೆ ಒಮ್ಮೆ ತೆಗೆದ ಮೇಲೆ ಮರಳಿ ಬಂದ ಗಡ್ಡೆಗಳಲ್ಲಿ, ಮಾಮೂಲಿ ಶಸ್ತ್ರಚಿಕಿತ್ಸೆಯ ನಂತರ ಶೇ 13.5ರಷ್ಟು ಮತ್ತೆ ಬಂದವು. ಮೋಹ್ಸ್ ವಿಧಾನದಲ್ಲಿ ಶೇ 3.9 ಮಾತ್ರ. ನಮ್ಮ ತಾಲ್ಲೂಕುಗಳಿಂದ ನನ್ನ ಹತ್ತಿರ ಬರುವುದು ಹೆಚ್ಚಾಗಿ ಹೀಗೆ ಮರಳಿ ಬಂದ ಗಡ್ಡೆಗಳೇ.

‘ಕೋಟಿಗಟ್ಟಲೆ ಯಂತ್ರ ಹಾಸನಕ್ಕೆ ಯಾರು ಕೊಡುತ್ತಾರೆ’ ಎಂದು ಕೇಳುವವರಿಗೆ ನನ್ನ ಉತ್ತರ, ಮೊದಲ ದಿನವೇ ಕ್ರಯೋಸ್ಟಾಟ್ ಬೇಕಾಗಿಲ್ಲ. ಅಂಗಾಂಶವನ್ನು ಸೊನ್ನೆಗಿಂತ 20 ಡಿಗ್ರಿಗೂ ಕೆಳಗೆ ಹೆಪ್ಪುಗಟ್ಟಿಸಿ ಸೀಳುವ ಆ ಯಂತ್ರ ಇದ್ದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಇಲ್ಲದಿದ್ದರೆ ಯುರೋಪಿನಲ್ಲಿ, ಅದರಲ್ಲೂ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಬೆಳೆಸಿದ ನಿಧಾನದ ದಾರಿಯಿದೆ. ಗಡ್ಡೆ ತೆಗೆದು, ಅಂಚು ಮತ್ತು ತಳವನ್ನು ಬಣ್ಣ ಹಚ್ಚಿ ಗುರುತು ಮಾಡಿ ಮಾಮೂಲಿ ಪ್ಯಾರಾಫಿನ್‌ನಲ್ಲೇ ಕೂರಿಸುವುದು, ಗಾಯವನ್ನು ಹೊಲಿಯದೆ ಶುದ್ಧವಾಗಿ ಕಟ್ಟಿ ಬಿಡುವುದು, ಒಂದೆರಡು ದಿನದಲ್ಲಿ ರಿಪೋರ್ಟು ಬಂದು ಅಂಚು ಶುದ್ಧ ಎಂದಾದ ಮೇಲೆ ಹೊಲಿಗೆ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2006ರಿಂದ ಇದೆ. ಚರ್ಮರೋಗ ವಿಭಾಗ, ಪೆಥಾಲಜಿ ವಿಭಾಗ ಎರಡೂ ಅಲ್ಲಿವೆ. ಪ್ಯಾರಾಫಿನ್ ಕೆಲಸ ನಮಗೆ ದಿನನಿತ್ಯದ್ದು. ಕೊರತೆಯಿರುವುದು ಎಲ್ಲಿ ಕತ್ತರಿಸಬೇಕು, ಹೇಗೆ ಗುರುತಿಸಬೇಕು, ಆದ ಗುಂಡಿಯನ್ನು ಪಕ್ಕದ ಚರ್ಮ ಎಳೆದು ಹೇಗೆ ಮುಚ್ಚಬೇಕು ಎಂದು ಕಲಿತ ಒಂದು ಜೋಡಿ ಕೈ. ಈ ನಿಧಾನದ ವಿಧಾನಕ್ಕೆ ರೋಗಿ ಹತ್ತಿರದಲ್ಲಿರಬೇಕು, ಎರಡು ಮೂರು ಸಲ ಬಂದು ಹೋಗಬೇಕು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಹಾಸನಕ್ಕೆ ಮೂವತ್ತು ನಲವತ್ತು ಕಿಲೋಮೀಟರಿನ ಆಸುಪಾಸು. ಬೆಳಿಗ್ಗೆ ಬಸ್ಸು ಹತ್ತಿ ಬಂದು ಸಂಜೆ ದನ ಕಟ್ಟುವ ಹೊತ್ತಿಗೆ ಮನೆ ಸೇರಬಹುದು. ಬೆಂಗಳೂರಿಗೆ ಹಾಗಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡು ಆಪರೇಷನ್ ಖರ್ಚು ನೋಡಿಕೊಳ್ಳಬಹುದು. ಜೊತೆಗೆ ಬಂದವರ ಕೂಲಿ, ಊಟ, ರೂಮಿನ ಬಾಡಿಗೆ ನೋಡಿಕೊಳ್ಳುವುದಿಲ್ಲ. ಮೊದಲ ಆಪರೇಷನ್ನಿಗೆ ಸಾಲ ಮಾಡಿ ಹೋಗುತ್ತಾರೆ, ಎರಡನೆಯದಕ್ಕೆ ಹೋಗುವುದೇ ಇಲ್ಲ.

ಕತ್ತರಿಸುವುದಕ್ಕಿಂತಲೂ ಹೆಚ್ಚಾಗಿ ಈ ತರಬೇತಿ ಕಲಿಸುವುದು ಯಾವುದನ್ನು ತಾನು ಮುಟ್ಟಬಾರದು ಎಂಬುದನ್ನು. ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟದ ರೈತರೊಬ್ಬರ ಹಿಮ್ಮಡಿಯಲ್ಲಿ ಕಪ್ಪು ಕಲೆ. ಮುಳ್ಳು ಮುರಿದದ್ದು ಎಂದು ಕೆಲವರು, ಆಣಿ ಎಂದು ಕೆಲವರು. ಬ್ಲೇಡಿನಿಂದ ಮೇಲೆ ಮೇಲೆ ಹೆರೆದರು. ನನಗೆ ಬಂದ ಸಿಪ್ಪೆಯಲ್ಲಿ ಮೆಲನೋಮ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಇದೆಯೆಂದು ಕಂಡಿತು. ಎಷ್ಟು ಆಳ ಎಂದು ಅಳೆಯಲು ತಳವೇ ಇರಲಿಲ್ಲ. 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ತೋರಿಸಿಕೊಟ್ಟಂದಿನಿಂದ ಮೆಲನೋಮದ ಚಿಕಿತ್ಸೆ ನಿಂತಿರುವುದು ಅದರ ದಪ್ಪದ ಮೇಲೆ: 1 ಮಿಲಿಮೀಟರಿನೊಳಗಿದ್ದರೆ ಸುತ್ತ 1 ಸೆಂಟಿಮೀಟರು ತೆಗೆದರೆ ಸಾಕು, 2 ಮಿಲಿಮೀಟರು ದಾಟಿದ್ದರೆ 2 ಸೆಂಟಿಮೀಟರು, ಜೊತೆಗೆ ತೊಡೆಸಂದಿನ ಗ್ರಂಥಿಗಳ ಪರೀಕ್ಷೆ. ಹೆರೆದವರು ಆ ಅಳತೆಯನ್ನೇ ಅಳಿಸಿಬಿಟ್ಟಿದ್ದರು. ನಮ್ಮ ಜನಕ್ಕೆ ಮೆಲನೋಮ ಬಂದರೆ ಹೆಚ್ಚಾಗಿ ಬರುವುದು ಅಂಗಾಲಿಗೆ, ಉಗುರಿನಡಿಗೆ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದು ಕಾಲ್ಬೆರಳಿನ ಉಗುರಿನಡಿಯ ಮೆಲನೋಮ. ಫುಟ್‌ಬಾಲ್ ಆಡುವಾಗಿನ ಪೆಟ್ಟು ಎಂದುಕೊಂಡಿದ್ದರು. 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡರು. ಡರ್ಮೋಸ್ಕೋಪ್ ಎಂಬ ಕೈಯಲ್ಲಿ ಹಿಡಿಯುವ ಮಸೂರವಿದೆ. ಅಂಗಾಲಿನ ಗೆರೆಗಳಲ್ಲಿ ಬಣ್ಣ ತಗ್ಗಿನಲ್ಲಿ ಕೂತಿದ್ದರೆ ಅದು ಸಾಮಾನ್ಯವಾಗಿ ಮಾಮೂಲಿ ಮಚ್ಚೆ, ದಿಣ್ಣೆಯ ಮೇಲೆ ಕೂತಿದ್ದರೆ ಮೆಲನೋಮದ ಅನುಮಾನ ಎಂದು ಜಪಾನಿನ ವೈದ್ಯರು ತೋರಿಸಿಕೊಟ್ಟಿದ್ದಾರೆ. ತರಬೇತಾದ ಕಣ್ಣು ಈ ವ್ಯತ್ಯಾಸವನ್ನು ಹೊರರೋಗಿ ವಿಭಾಗದಲ್ಲೇ ಹಿಡಿದು, ಸರಿಯಾದ ಬಯಾಪ್ಸಿ ಮಾಡಿ, ನೇರವಾಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಕಳಿಸುತ್ತದೆ. ಬ್ಲೇಡು ಮುಟ್ಟುವುದಿಲ್ಲ.

ಅರಕಲಗೂಡಿನ ಮಾತು ಬೇರೆ. ರಾಮನಾಥಪುರ, ಕೊಣನೂರು ಸುತ್ತ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಿವೆ, ಸುಟ್ಟ ಗಾಯಗಳೂ ಇವೆ. ಚಿಕ್ಕಂದಿನಲ್ಲಿ ಸುಟ್ಟ ಕಾಲಿನ ಕಲೆಯಲ್ಲಿ ಎಷ್ಟೋ ದಶಕಗಳ ಮೇಲೆ ಹುಣ್ಣೆದ್ದು, ಅದು ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಆಗುವುದುಂಟು. ಕುಷ್ಠ ವಾಸಿಯಾದವರ ಅಂಗಾಲಿನ ಹಳೆಯ ಹುಣ್ಣಿನಲ್ಲೂ ಹೀಗಾಗುತ್ತದೆ. ‘ಹಳೇ ಗಾಯ’ ಎಂದು ವರ್ಷಗಟ್ಟಲೆ ಡ್ರೆಸ್ಸಿಂಗ್ ಮಾಡಿಸಿಕೊಂಡವರು ಕಾಲು ಕಳೆದುಕೊಂಡೇ ಮುಗಿಸುತ್ತಾರೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮ ಒರಟಾಗಿ ಕ್ಯಾನ್ಸರ್ ಕೂಡ ಕಾಣಿಸಿಕೊಂಡ ಸಂಗತಿ ವೈಜ್ಞಾನಿಕವಾಗಿ ದಾಖಲಾಗಿದೆ. ಅಪರೂಪದ ಕಾಯಿಲೆ ಕೆಲವು ಕಡೆ ಅಷ್ಟೇನೂ ಅಪರೂಪವಲ್ಲ.

ಹಾಗೆಂದು ಕರ್ನಾಟಕದ ಚರ್ಮವೈದ್ಯರಿಗೆ ಕತ್ತರಿ ಹಿಡಿಯಲು ಬರುವುದಿಲ್ಲ ಎಂದು ಯಾರೂ ತಿಳಿಯಬಾರದು. ತೊನ್ನಿಗೆ ಚರ್ಮ ನಾಟಿ ಮಾಡುವುದರಲ್ಲಿ ಭಾರತದ ಚರ್ಮವೈದ್ಯರು ಜಗತ್ತಿಗೇ ಪಾಠ ಹೇಳಿದವರು. 2008ರಿಂದ ಚರ್ಮ ಶಸ್ತ್ರಚಿಕಿತ್ಸೆಗೆ ನಮ್ಮವರದೇ ಆದ ಪತ್ರಿಕೆ ಬರುತ್ತಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಚರ್ಮ ಶಸ್ತ್ರಚಿಕಿತ್ಸೆಯಲ್ಲಿ ಫೆಲೋಶಿಪ್ ನಡೆಸುತ್ತಿದೆ. ಆದರೆ ಎಳೆಯ ವೈದ್ಯರನ್ನು ಸೆಳೆಯುತ್ತಿರುವುದು ಲೇಸರು, ಕೂದಲು ಕಸಿ, ಮುಖದ ಕಾಂತಿಯ ಚಿಕಿತ್ಸೆಗಳು. ಅವರನ್ನು ನಾನು ದೂರುವುದಿಲ್ಲ. ಲಕ್ಷಗಟ್ಟಲೆ ಖರ್ಚು ಮಾಡಿ ಓದಿದವರು ಸಂಪಾದನೆಯ ಕಡೆ ಹೋಗುತ್ತಾರೆ. ಹೊಳ್ಳೆ ಉಳಿಸುವ ವಿದ್ಯೆಯಲ್ಲಿ ದುಡ್ಡಿಲ್ಲ, ಅದನ್ನು ಕಲಿಯಲು ಬರುವವರಿಗೆ ಸರ್ಕಾರವೇ ಸಂಬಳ ಕೊಟ್ಟು ಕಳಿಸಬೇಕು.

ಸೇವೆಯಲ್ಲಿರುವ ವೈದ್ಯರನ್ನು ಸ್ನಾತಕೋತ್ತರ ಓದಿಗೆ ಕಳಿಸುವ ಪದ್ಧತಿ ನಮ್ಮ ರಾಜ್ಯದಲ್ಲಿ ಮೊದಲಿಂದಲೂ ಇದೆ. ಅದೇ ದಾರಿಯಲ್ಲಿ ವರ್ಷಕ್ಕೆ ಒಬ್ಬಿಬ್ಬರು ಸರ್ಕಾರಿ ಚರ್ಮವೈದ್ಯರಿಗೆ ಒಂದು ವರ್ಷದ ಚರ್ಮ ಕ್ಯಾನ್ಸರ್ ಶಸ್ತ್ರಚಿಕಿತ್ಸಾ ಫೆಲೋಶಿಪ್ ಕೊಡಬಹುದು. ರೋಗಿಗಳ ಸಂಖ್ಯೆ ಬೇಕಾದ್ದರಿಂದ ತರಬೇತಿ ಬೆಂಗಳೂರಿನಲ್ಲೇ ನಡೆಯಲಿ: ಕಿದ್ವಾಯಿಯ ಗಡ್ಡೆ ಶಸ್ತ್ರಚಿಕಿತ್ಸಾ ವಿಭಾಗ, ವೈದ್ಯಕೀಯ ಕಾಲೇಜಿನ ಚರ್ಮ ಮತ್ತು ಪ್ಲಾಸ್ಟಿಕ್ ಸರ್ಜರಿ ವಿಭಾಗಗಳು ಸೇರಿ ಹೇಳಿಕೊಡಲಿ. ಕೆಲವು ತಿಂಗಳು ಪೂರ್ತಿ ಪೆಥಾಲಜಿ ವಿಭಾಗದಲ್ಲಿ, ಎರಡು ಜನ ಒಟ್ಟಿಗೆ ನೋಡುವ ಸೂಕ್ಷ್ಮದರ್ಶಕದ ಮುಂದೆ ಕಳೆಯಲೇಬೇಕು. ಪ್ರತಿ ಜಿಲ್ಲೆಗೂ ಇಂಥವರು ಬೇಕು ಎಂದು ನಾನು ಹೇಳುವುದಿಲ್ಲ, ಅಷ್ಟು ರೋಗಿಗಳಿಲ್ಲ, ಕೈಯಲ್ಲಿ ಕೆಲಸವಿಲ್ಲದೆ ಕಲಿತದ್ದು ಮರೆತುಹೋಗುತ್ತದೆ. ಹಾಸನದಲ್ಲಿ ಒಬ್ಬರಿದ್ದರೆ ಚಿಕ್ಕಮಗಳೂರು, ಕೊಡಗು, ಮಂಡ್ಯದ ಪಶ್ಚಿಮದ ತಾಲ್ಲೂಕುಗಳನ್ನೂ ನೋಡಿಕೊಳ್ಳಬಹುದು. ಪ್ಲಾಸ್ಟಿಕ್ ಸರ್ಜನ್ನರ ಕೆಲಸ ಇದರಿಂದ ಹೋಗುವುದಿಲ್ಲ. ದೊಡ್ಡ ಗಡ್ಡೆ, ಮೂಳೆ ಮುಟ್ಟಿದ ಗಡ್ಡೆ ಅವರದೇ. ನನ್ನಂಥ ಪೆಥಾಲಜಿಸ್ಟರ ಸಹಿಗೂ ಧಕ್ಕೆಯಿಲ್ಲ. ಸ್ಲೈಡನ್ನು ಜೊತೆಗೆ ಕೂತು ಓದುವ ಶಸ್ತ್ರವೈದ್ಯರು ಸಿಕ್ಕರೆ ನನಗಿಂತ ಸಂತೋಷಪಡುವವರು ಯಾರಿದ್ದಾರೆ?

ತರಬೇತಾದವರ ಹತ್ತಿರ ರೋಗಿ ಬರಬೇಕಲ್ಲ, ಅದಕ್ಕೂ ದಾರಿಯಿದೆ. ಕುಷ್ಠರೋಗ ಪತ್ತೆ ಅಭಿಯಾನದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮೈಮೇಲಿನ ಮಚ್ಚೆಗಳನ್ನು ಈಗಾಗಲೇ ನೋಡುತ್ತಿದ್ದಾರೆ. ಅದೇ ಭೇಟಿಯಲ್ಲಿ ಇನ್ನೆರಡು ಪ್ರಶ್ನೆ ಸೇರಿಸಿದರೆ ಸಾಕು: ಮುಖದ ಮೇಲೆ ತಿಂಗಳಾದರೂ ಮಾಯದ ಗಾಯ ಇದೆಯೇ, ಅಂಗಾಲಿನಲ್ಲಿ ಬೆಳೆಯುತ್ತಿರುವ ಕಪ್ಪು ಕಲೆ ಇದೆಯೇ. ಇನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ, ಖಾಸಗಿ ಕ್ಲಿನಿಕ್ಕುಗಳಲ್ಲಿ, ಕಪ್ಪಾಗಿ ಬೆಳೆಯುವ ಯಾವುದನ್ನೂ ಬಯಾಪ್ಸಿ ಇಲ್ಲದೆ ಸುಡಬಾರದು ಎಂಬ ಸುತ್ತೋಲೆ ಹೊರಡಿಸಲು ಜಿಲ್ಲಾ ಆರೋಗ್ಯ ಇಲಾಖೆಗೆ ಯಾವ ಫೆಲೋಶಿಪ್ಪೂ ಬೇಕಿಲ್ಲ. ಅದನ್ನು ಈ ವಾರವೇ ಮಾಡಬಹುದು.

ಫೆಲೋಶಿಪ್ ಮುಗಿಸಿ ಬಂದವರನ್ನು ಹೇಗೆ ಇರಿಸಿಕೊಳ್ಳುತ್ತೇವೆ ಎಂಬುದನ್ನೂ ಈಗಲೇ ಬರೆದಿಡಬೇಕು. ಐದು ವರ್ಷದ ಬಾಂಡ್, ಹಾಸನದಲ್ಲೇ ನೇಮಕ, ವರ್ಗಾವಣೆಯಿಂದ ರಕ್ಷಣೆ, ವಾರಕ್ಕೆ ಎರಡು ದಿನ ಚರ್ಮ ವಿಭಾಗಕ್ಕೇ ಮೀಸಲಾದ ಶಸ್ತ್ರಚಿಕಿತ್ಸಾ ಕೊಠಡಿ, ಒಬ್ಬ ತರಬೇತಾದ ನರ್ಸ್, ಪೆಥಾಲಜಿ ವಿಭಾಗದಲ್ಲಿ ಈ ಕೆಲಸಕ್ಕೇ ಒಬ್ಬ ತಂತ್ರಜ್ಞ. ಕಲಿತು ಬಂದವರನ್ನು ಮತ್ತೆ ಬೆಳಗಿನಿಂದ ಸಂಜೆವರೆಗೆ ಹುಳುಕಡ್ಡಿ ಸಾಲಿನ ಮುಂದೆ ಕೂರಿಸಿದರೆ, ಬಾಂಡ್ ಮುಗಿದ ದಿನ ಅವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ.